ಕಟಕಟೆಯಲ್ಲಿ ಅಮ್ಮ

“ರಕ್ತ ಇರುತ್ತಾ ಸರ್?” ಬಸ್ಸಿನ ಕೊನೆಯ ಸೀಟಿನಿಂದ ಡೆಕ್ಲನ್ ಕೂಗಿದ.

“ಇಲ್ಲಪ್ಪ. ಬರೀ ವಿಷ,” ಎಂದರು ಆಗ್ಡನ್ ಸರ್.

“ಅಯ್ಯೋ, ಬರೀ ವಿಷನಾ?” ಯಾರೋ ಅವನಿಗೆ ಮೋಸ ಮಾಡಿದಂತಾಯಿತು. “ನೇಣಾದ್ರೂ ಇದೆಯಾ?”

“ಅದು ನಿಮ್ಮ ಕೈಯಲ್ಲೇ ಇದೆ. ತೀರ್ಪು ಕೊಡೋ ಜೂರಿ ನೀವೇ.”

ಬಸ್ಸಿನ ತುಂಬ ಚಪ್ಪಾಳೆ ಬಿತ್ತು. ಐದನೇ ತರಗತಿಯ ಮಕ್ಕಳಿಗೆ ಜವಾಬ್ದಾರಿಯ ಕೆಲಸ ಕೊಡುವುದು ಅಪರೂಪ. ಹೆಚ್ಚೆಂದರೆ ಬೋರ್ಡು ಒರೆಸಲು ಹೇಳುತ್ತಾರೆ. ಇವತ್ತು ಒಬ್ಬ ಹೆಂಗಸನ್ನು ನೇಣಿಗೆ ಹಾಕಬಹುದು ಎಂದರೆ ಯಾರಿಗೆ ಖುಷಿಯಾಗುವುದಿಲ್ಲ?

ಟಿಲ್ಡಾ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ನೇಣಿಗೆ ಹೋಗಬೇಕಾದ ಹೆಂಗಸು ಅವಳ ಅಮ್ಮ.

ಅಮ್ಮನ ಹೆಸರು ಲೊರೇನ್. ಕಾಲ್ಡನ್ ಊರಿನ ಹಳೆಯ ಕೋರ್ಟು ಈಗ ಮ್ಯೂಸಿಯಂ ಆಗಿದೆ. ಅಲ್ಲಿ ಅವಳು ಟಿಕೆಟ್ ಕೊಡುತ್ತಾಳೆ. ಟಿಕೆಟ್ ಕೊಡುವುದಕ್ಕಿಂತ ಮಾತಾಡುವುದೇ ಹೆಚ್ಚು. ಮ್ಯೂಸಿಯಂ ನೋಡಲು ಬಂದವರು ಅಮ್ಮನ ಮಂಡಿನೋವಿನ ಕತೆ ಕೇಳಿಯೇ ಒಳಗೆ ಹೋಗಬೇಕು. ಬಸ್ ಸ್ಟಾಪಿನಲ್ಲಿ, ಅಂಗಡಿಯ ಕ್ಯೂನಲ್ಲಿ, ಶಾಲೆಯ ಗೇಟಿನಲ್ಲಿ, ಎಲ್ಲ ಕಡೆಯೂ ಅಮ್ಮನ ಮಾತು ಮುಗಿಯುವುದನ್ನು ಕಾಯುತ್ತ ನಿಲ್ಲುವುದು ಟಿಲ್ಡಾಳ ಕೆಲಸ.

ಈ ವಾರ ಮ್ಯೂಸಿಯಮ್ಮಿನವರು ಶಾಲೆಗಳಿಗಾಗಿ ಒಂದು ನಾಟಕ ಶುರು ಮಾಡಿದ್ದರು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದೇ ಕೋರ್ಟಿನಲ್ಲಿ ನಡೆದ ಕೊಲೆ ಕೇಸು. ಯಜಮಾನನಿಗೆ ಗಂಜಿಯಲ್ಲಿ ಇಲಿ ಪಾಷಾಣ ಹಾಕಿ ಕೊಂದಳು ಎಂದು ಮರ್ಸಿ ಗಾರ್ಟನ್ ಎಂಬ ಕೆಲಸದ ಹುಡುಗಿಯ ವಿಚಾರಣೆ. ಮರ್ಸಿಗೆ ಹತ್ತೊಂಬತ್ತು ವರ್ಷ. ಅಮ್ಮನಿಗೆ ನಲವತ್ತರ ಹತ್ತಿರ. ಆದರೆ ಪಾತ್ರ ಕೇಳಿದವರಲ್ಲಿ ಉದ್ದ ಲಂಗ ಅಳತೆಗೆ ಸರಿಯಾದದ್ದು ಅಮ್ಮ ಒಬ್ಬಳಿಗೇ. ಆದ್ದರಿಂದ ಅವಳೇ ಮರ್ಸಿ.

ಸೋಮವಾರದಿಂದ ದಿನಾ ಸಂಜೆ ಅಮ್ಮ ಕುಣಿಯುತ್ತ ಮನೆಗೆ ಬರುತ್ತಿದ್ದಳು. “ಇವತ್ತೂ ನೇಣಾಯ್ತು ಕಣೇ! ನನ್ನ ಕೊನೆಯ ಮಾತು ಕೇಳಿ ಒಬ್ರು ಟೀಚರ್ ಅತ್ತೇಬಿಟ್ರು!”

ಆ ಕೊನೆಯ ಮಾತು ಟಿಲ್ಡಾಗೂ ಗೊತ್ತಿತ್ತು. ಅಮ್ಮ ಸ್ನಾನದ ಮನೆಯಲ್ಲಿ ಅದನ್ನು ಅಭ್ಯಾಸ ಮಾಡುವಾಗ ಬಾಗಿಲ ಹೊರಗೆ ನಿಂತು ಕೇಳಿದ್ದಳು. ಒಂದಿಡೀ ಪುಟ. ಕೇಳುವಾಗ ಅವಳ ಕುತ್ತಿಗೆಯ ಹಿಂದೆ ಕೂದಲು ನಿಮಿರಿದ್ದವು. ಒಳಗಿರುವವಳು ಶಾಂಪೂ ಮುಗಿದಿದೆ ಎಂದು ಗಂಟಲು ಹರಿದುಕೊಳ್ಳುವ ಅಮ್ಮನೇ ಹೌದಾ ಎಂದು ಅನುಮಾನವಾಗಿತ್ತು.

ಅದೇ ಜೋರಿನಲ್ಲಿ ಅವಳು ಕ್ಲಾಸಿನಲ್ಲಿ ಹೇಳಿಬಿಟ್ಟಿದ್ದಳು. “ಆ ನಾಟಕಕ್ಕೆ ನಮ್ಮಮ್ಮನೇ ಹೀರೋಯಿನ್.”

“ಓಹೋ,” ಎಂದಿದ್ದಳು ಇಮೊಜೆನ್. ಇಮೊಜೆನ್‌ಳ ಅಮ್ಮ ನಿಜವಾದ ನಟಿ. ಸೋಫಾ ಅಂಗಡಿಯ ಜಾಹೀರಾತಿನಲ್ಲಿ ಬಂದಿದ್ದರು. ಸೋಫಾದ ಮೇಲೆ ಕೂತು “ಆಹಾ” ಎಂದಿದ್ದರು. ಆ ಒಂದು “ಆಹಾ” ಬಗ್ಗೆ ಇಡೀ ಶಾಲೆಗೆ ಎರಡು ವರ್ಷದಿಂದ ತಿಳಿವಳಿಕೆ ನೀಡಲಾಗುತ್ತಿತ್ತು. “ನೋಡೋಣ ಬಿಡು, ನಿಮ್ಮಮ್ಮ ಏನ್ ಕಡಿದು ಕಟ್ಟೆ ಹಾಕ್ತಾರೆ ಅಂತ.”

ಅದಕ್ಕೇ ಟಿಲ್ಡಾ ಬಸ್ಸಿನಲ್ಲಿ ಚಪ್ಪಾಳೆ ತಟ್ಟಲಿಲ್ಲ.

*

ಕೋರ್ಟಿಗೆ ಹೋಗಬೇಕಾದರೆ ಮೊದಲು ಅಂಗಡಿ ದಾಟಬೇಕು. ಈ ಮ್ಯೂಸಿಯಮ್ಮಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಮೊದಲು ಅಂಗಡಿ ದಾಟಬೇಕು. ವಿಷದ ಬಾಟಲಿಯ ಆಕಾರದ ರಬ್ಬರುಗಳು, ನೇಣಿನ ಕುಣಿಕೆಯ ಕೀ ಚೈನುಗಳು, ‘ನಾನೂ ಕಾಲ್ಡನ್‌ನಲ್ಲಿ ಗಲ್ಲಿಗೇರಿದೆ’ ಎಂದು ಬರೆದ ಲೋಟಗಳು ಸಾಲಾಗಿ ಇದ್ದವು. ಬಾಗಿಲಿನಲ್ಲಿ ದೊಡ್ಡ ಪೋಸ್ಟರ್: ‘ನಡುಕ ಹುಟ್ಟಿಸುವ ನಿಜ ಕೊಲೆ! ಗಾಲಿಕುರ್ಚಿಗೆ ಅನುಕೂಲವಿದೆ.’

ಊಟದ ಡಬ್ಬಿಗಳನ್ನೆಲ್ಲ ಒಂದು ನೀಲಿ ಕ್ರೇಟಿಗೆ ಹಾಕಿಸಿಕೊಂಡು, ಆಗ್ಡನ್ ಸರ್ ಅದನ್ನು ಹೊರಗಿನ ಹಾಲ್‌ನಲ್ಲಿ ಇಟ್ಟರು. ಡೆಕ್ಲನ್ ತನ್ನ ಡಬ್ಬಿಯನ್ನು, ಮಗುವನ್ನು ಬೋರ್ಡಿಂಗ್ ಶಾಲೆಗೆ ಕಳಿಸುವ ತಾಯಿಯ ಹಾಗೆ ನೋಡಿದ.

ಕೋರ್ಟಿನ ಹಾಲ್ ಎತ್ತರವಾಗಿ, ತಣ್ಣಗೆ ಇತ್ತು. ಹಳೆಯ ಮರದ ವಾಸನೆ. ಟಿಲ್ಡಾ ಓಡಿಹೋಗಿ ಮೊದಲ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಇಮೊಜೆನ್, ಅದರಾಚೆ ಡೆಕ್ಲನ್.

“ಮೊದಲ ಸಾಲಿನ ಹನ್ನೆರಡು ಜನರೇ ಇವತ್ತಿನ ಜೂರಿ!” ಎಂದು ಮೇಲಿನಿಂದ ದನಿ ಬಂತು. ಜಡ್ಜ್ ಕುರ್ಚಿಯಲ್ಲಿ ಬಿಳಿ ವಿಗ್ ಹಾಕಿಕೊಂಡು ಕೂತವರು ಪಿಲ್ಲಿಂಗ್. ಈ ಮ್ಯೂಸಿಯಂ ನೋಡಿಕೊಳ್ಳುವವರೂ ಅವರೇ, ನಾಟಕ ಬರೆದವರೂ ಅವರೇ. “ಆ ಕಾಲದಲ್ಲಿ ಜೂರಿಯಲ್ಲಿ ಗಂಡಸರು ಮಾತ್ರ ಇರ್ತಿದ್ರು. ಇವತ್ತು ಉದಾರ ಮನಸ್ಸು ಮಾಡಿ ಹುಡುಗಿಯರನ್ನೂ ಸೇರಿಸಿದ್ದೀವಿ.”

“ಸಾರ್!” ಇಮೊಜೆನ್ ಕೈ ಎತ್ತಿದಳು. “ಕೊಲೆಗಾರ್ತಿ ಇವಳಮ್ಮ. ಇವಳು ಜೂರಿಯಲ್ಲಿ ಇದ್ರೆ ಮೋಸ ಆಗಲ್ವಾ?”

ಪಿಲ್ಲಿಂಗ್ ಮುಖದಲ್ಲಿ ಗಾಬರಿ ಕಂಡಿತು. ಇದು ಅವರು ಬರೆದ ನಾಟಕದಲ್ಲಿ ಇರಲಿಲ್ಲ. “ಈ ಪುಟ್ಟ ಹುಡುಗಿ ನ್ಯಾಯವಾಗಿ ನಡೆದುಕೊಳ್ತಾಳೆ ಅಂತ ನಂಬ್ತೀನಿ,” ಎಂದು ಬೇಗ ಮೇಜು ಕುಟ್ಟಿದರು.

ಕೆಳಗಿನ ಜೈಲಿನಿಂದ ಮೆಟ್ಟಿಲು ಹತ್ತಿ ಅಮ್ಮ ಕಟಕಟೆಗೆ ಬಂದಳು. ಬೂದು ಲಂಗ, ಬಿಳಿ ಟೋಪಿ. ಕೈ ಬೀಸಬೇಡ ಎಂದು ಟಿಲ್ಡಾ ಬೆಳಿಗ್ಗೆ ಮೂರು ಸಲ ಹೇಳಿದ್ದಳು. ಅಮ್ಮ ಕೈ ಬೀಸಲಿಲ್ಲ. ಅವಳ ಕಡೆ ನೋಡಲೂ ಇಲ್ಲ.

“ಮರ್ಸಿ ಗಾರ್ಟನ್, ನೀನು ಅಪರಾಧಿಯೋ, ಅಲ್ಲವೋ?”

“ಅಲ್ಲ, ಸ್ವಾಮಿ.”

ದನಿ ಸಣ್ಣದಾಗಿತ್ತು. ಟಿಲ್ಡಾ ಬೆನ್ನು ನೇರ ಮಾಡಿಕೊಂಡು ಕೂತಳು. ಈಗ ಶುರು.

ಶುರುವಾಯಿತು, ಆದರೆ ಅಮ್ಮನದಲ್ಲ. ಸಾಕ್ಷಿಗಳದು. ಮ್ಯೂಸಿಯಮ್ಮಿಗೆ ನಗರಸಭೆ ಕೊಡುವ ಅನುದಾನದಲ್ಲಿ ನಟರು ಮೂವರೇ. ಜಡ್ಜ್ ಒಬ್ಬರು, ಕೈದಿ ಒಬ್ಬಳು. ಉಳಿದ ಇಡೀ ಊರು ಕೀತ್ ಅಂಕಲ್. ಅವರು ಕನ್ನಡಕ ಹಾಕಿಕೊಂಡು ಡಾಕ್ಟರಾದರು. “ಯಜಮಾನರು ಗಂಜಿ ಕುಡಿದ ಮೇಲೆ ಸತ್ತರು,” ಎಂದರು. ಕನ್ನಡಕ ತೆಗೆದು ಏಪ್ರನ್ ಕಟ್ಟಿಕೊಂಡು ಔಷಧಿ ಅಂಗಡಿಯವರಾದರು. “ಇಲಿ ಪಾಷಾಣ ಕೊಂಡವಳು ಇವಳೇ,” ಎಂದು ಬೆರಳು ತೋರಿಸಿದರು. ಏಪ್ರನ್ ಬಿಚ್ಚಿ ಹೆಲ್ಮೆಟ್ ಹಾಕಿಕೊಂಡು ಪೊಲೀಸಾದರು. “ಅಡುಗೆಮನೆಯಲ್ಲಿ ಪೊಟ್ಟಣ ಸಿಕ್ಕಿತು,” ಎಂದರು.

ಅಮ್ಮ ಸುಮ್ಮನೆ ನಿಂತಿದ್ದಳು.

ಒಮ್ಮೆ ಬಾಯಿ ತೆರೆದಳು. “ಸ್ವಾಮಿ, ಆ ಪಾಷಾಣ ತರೋಕೆ ಹೇಳಿದ್ದು…”

“ಕೈದಿ ಮಾತಾಡಕೂಡದು!” ಪಿಲ್ಲಿಂಗ್ ಮೇಜು ಕುಟ್ಟಿದರು. ಆಮೇಲೆ ವಿಗ್ ಸ್ವಲ್ಪ ಸರಿಸಿ ಮಕ್ಕಳ ಕಡೆ ತಿರುಗಿ, ಮಾಮೂಲಿ ದನಿಯಲ್ಲಿ ವಿವರಿಸಿದರು. “ಆ ಕಾಲದ ಕಾನೂನು ಹಾಗಿತ್ತು ಮಕ್ಕಳೇ. ಕೈದಿ ತನ್ನ ಪರವಾಗಿ ತಾನೇ ಸಾಕ್ಷಿ ಹೇಳೋ ಹಾಗಿರಲಿಲ್ಲ.”

“ಮತ್ತೆ ಅವರು ಮಾತಾಡೋದು ಯಾವಾಗ?” ಇಮೊಜೆನ್ ಕೇಳಿದಳು.

“ನೀವು ‘ಅಪರಾಧಿ’ ಅಂದಮೇಲೆ. ಮರಣದಂಡನೆ ಹೇಳೋಕೆ ಮುಂಚೆ ನಾನು ಕೇಳ್ತೀನಿ, ಏನಾದ್ರೂ ಹೇಳೋದಿದೆಯಾ ಅಂತ. ಆಗ ಮನಸಾರೆ ಮಾತಾಡಬಹುದು.”

ಅಂದರೆ, ಬಸ್ಸು ಹೋದಮೇಲೆ ಟಿಕೆಟ್ ಕೊಡುವ ಏರ್ಪಾಡು. ಮಕ್ಕಳೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಇಮೊಜೆನ್ ಟಿಲ್ಡಾಳ ಕಿವಿಗೆ ಬಾಗಿದಳು. “ಹೀರೋಯಿನ್‌ದು ಪೂರ್ತಿ ಆಗಿದ್ದು ಎರಡೇ ಪದ. ‘ಅಲ್ಲ ಸ್ವಾಮಿ.’ ನಮ್ಮಮ್ಮನಿಗಿಂತ ಒಂದು ಜಾಸ್ತಿ ಬಿಡು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಟಿಲ್ಡಾಳ ಕಿವಿ ಬಿಸಿಯಾದವು. ಹುಟ್ಟಿದಾಗಿನಿಂದ ಅವಳು ಅಮ್ಮ ಸುಮ್ಮನಿರಲಿ ಎಂದು ದೇವರಲ್ಲಿ ಬೇಡಿಕೊಂಡವಳು. ಆ ಪ್ರಾರ್ಥನೆಯನ್ನು ದೇವರು ಕೇಳಿಸಿಕೊಂಡಿದ್ದೇ ಇವತ್ತು. ಅವನಿಗೆ ಬೇರೆ ದಿನವೇ ಸಿಗಲಿಲ್ಲವೇ?

ಕೊನೆಯ ಸಾಕ್ಷಿ, ಸತ್ತ ಯಜಮಾನರ ಅಣ್ಣನ ಮಗ. ಆಸ್ತಿಯೆಲ್ಲ ಅವನಿಗೇ ಬಂದದ್ದು. ಕೀತ್ ಅಂಕಲ್ ದಪ್ಪ ಕಪ್ಪು ಮೀಸೆ ಅಂಟಿಸಿಕೊಂಡು ಬಂದರು. ಎದೆಯ ಮೇಲೆ ಕೈಯಿಟ್ಟು, “ಚಿಕ್ಕಪ್ಪ ನನ್ನ ಪ್ರಾಣಕ್ಕಿಂತ ಹೆಚ್ಚು,” ಎಂದು ದುಃಖಿಸಿದರು. ದುಃಖದ ರಭಸಕ್ಕೆ ಮೀಸೆಯ ಒಂದು ತುದಿ ಬಿಟ್ಟುಕೊಂಡಿತು. ಅದನ್ನು ಬೆರಳಿನಿಂದ ಒತ್ತಿ ಹಿಡಿದರು. ಇನ್ನೊಂದು ತುದಿ ಬಿಟ್ಟಿತು. ಆಮೇಲೆ ಇಡೀ ಮೀಸೆಯೇ ಮೆತ್ತಗೆ ಜಾರಿ ಅವರ ಬೂಟಿನ ಮೇಲೆ ಬಿದ್ದು, ಸತ್ತ ಇಲಿಯ ಹಾಗೆ ಮಲಗಿತು.

ಹಾಲ್ ಹಾರಿಹೋಗುವಂತೆ ನಗು. ಡೆಕ್ಲನ್ ಬೆಂಚಿನಿಂದ ಕೆಳಗೇ ಬಿದ್ದ. ಆಗ್ಡನ್ ಸರ್ ಕೂಡ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಕೀತ್ ಅಂಕಲ್ ಮಾತ್ರ ಕಲಾವಿದರು, ನಿಲ್ಲಿಸಲಿಲ್ಲ. ನಗುವಿನ ನಡುವೆಯೇ ತಮ್ಮ ಪಾಲಿನ ಮಾತನ್ನು ಒಪ್ಪಿಸಿ ಮುಗಿಸಿದರು.

ನಗದೆ ಕೂತವಳು ಟಿಲ್ಡಾ ಒಬ್ಬಳೇ. ಅವಳು ಅಮ್ಮನನ್ನೇ ನೋಡುತ್ತಿದ್ದಳು. ಎಲ್ಲರೂ ಮೀಸೆ ನೋಡಿ ನಗುತ್ತಿದ್ದಾಗ ಕಟಕಟೆಯ ಮೇಲಿದ್ದ ಅಮ್ಮನ ಬೆರಳುಗಳು ಮರವನ್ನು ಬಿಗಿಯಾಗಿ ಹಿಡಿದವು. ಯಾರಾದರೂ ಕೇಳಿಸಿಕೊಂಡಿರಾ ಎನ್ನುವಂತೆ ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅದಕ್ಕೇ ಟಿಲ್ಡಾ ಕೇಳಿಸಿಕೊಂಡಳು. ಮೀಸೆ ಇಲ್ಲದ ಬಾಯಿ ಹೇಳುತ್ತಿತ್ತು:

“ಮೆಟ್ಟಿಲು ಕಡಿದಾಗಿದ್ದವು. ಹಾಗಾಗಿ ಗಂಜಿ ಬಟ್ಟಲನ್ನು ಮೇಲಕ್ಕೆ ನಾನೇ ತೆಗೆದುಕೊಂಡು ಹೋದೆ.”

*

ಜೂರಿಯನ್ನು ಹಿಂದಿನ ಕೋಣೆಗೆ ಕಳಿಸಿ ಹೊರಗಿನಿಂದ ಚಿಲಕ ಹಾಕಿದರು. ಅಲ್ಲಿ ಮಡಚಿಟ್ಟ ಕುರ್ಚಿಗಳಿದ್ದವು. ಹುಲ್ಲು ತುಂಬಿಸಿದ ಒಂದು ನೀರುನಾಯಿಯೂ ಇತ್ತು. ಅದರ ಗಾಜಿನ ಕಣ್ಣೊಂದು ಬಿದ್ದುಹೋಗಿತ್ತು.

“ಹನ್ನೆರಡು ಜನರೂ ಒಂದೇ ಮಾತು ಹೇಳಬೇಕು,” ಎಂದು ಪಿಲ್ಲಿಂಗ್ ಬಾಗಿಲ ಸಂದಿಯಿಂದ ಹೇಳಿದರು. “ಒಮ್ಮತ ಆಗೋವರೆಗೆ ಜೂರಿಗೆ ಊಟ ಕೊಡೋ ಹಾಗಿಲ್ಲ. ಅದೂ ಆ ಕಾಲದ ಕಾನೂನೇ. ಹೆದರಬೇಡಿ, ಎಲ್ಲ ಶಾಲೆಯವರೂ ಒಂದೇ ನಿಮಿಷದಲ್ಲಿ ಬಂದುಬಿಡ್ತಾರೆ.”

ಇಮೊಜೆನ್ ತನ್ನನ್ನು ತಾನೇ ಮುಖ್ಯಸ್ಥೆ ಮಾಡಿಕೊಂಡಳು. ಯಾರೂ ಬೇಡ ಎನ್ನಲಿಲ್ಲ. ಎಂದರೂ ಅವಳಿಗೆ ಕೇಳಿಸುತ್ತಿರಲಿಲ್ಲ.

“ಅಪರಾಧಿ ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು. ಡೆಕ್ಲನ್ ಎರಡೂ ಕೈ ಎತ್ತಿದ.

“ಟಿಲ್ಡಾ, ನೀನೂ ಎತ್ತೇ,” ಎಂದಳು ಇಮೊಜೆನ್. ಆಶ್ಚರ್ಯವೆಂದರೆ ಅವಳ ದನಿಯಲ್ಲಿ ಕೊಂಕು ಇರಲಿಲ್ಲ. “ನಾವು ಅಪರಾಧಿ ಅಂದ್ರೆ ತಾನೇ ನಿಮ್ಮಮ್ಮ ಮಾತಾಡೋದು? ನಿನಗೇ ಒಳ್ಳೇದು.”

ಅದು ನಿಜವಾಗಿತ್ತು. ಟಿಲ್ಡಾ ಕೈ ಎತ್ತಿದಳು. ಇನ್ನೇನು, ಅಮ್ಮ ಆ ಒಂದಿಡೀ ಪುಟ ಹೇಳುತ್ತಾಳೆ. ಆಗ್ಡನ್ ಸರ್ ಅಳುತ್ತಾರೆ. ಇಮೊಜೆನ್ ಬಾಯಿ ಬಿಟ್ಟುಕೊಂಡು ನೋಡುತ್ತಾಳೆ. ಸೋಫಾದ “ಆಹಾ”ವನ್ನು ಊರು ಮರೆತುಬಿಡುತ್ತದೆ. ಅದಕ್ಕೆ ಮಾಡಬೇಕಾದದ್ದು ಇಷ್ಟೇ, ಈ ಕೈಯನ್ನು ಹೀಗೇ ಇಟ್ಟುಕೊಳ್ಳುವುದು.

ಕೈ ಯಾಕೋ ಭಾರವಾಯಿತು.

“ಹನ್ನೆರಡೂ ಆಯ್ತು!” ಡೆಕ್ಲನ್ ಬಾಗಿಲಿಗೆ ಹಾರಿದ. “ನಂದು ಚೀಸ್ ಸ್ಯಾಂಡ್‌ವಿಚ್!”

“ಒಂದ್ನಿಮಿಷ.” ಟಿಲ್ಡಾ ಕೈ ಇಳಿಸಿದ್ದಳು.

“ಏನಾಯ್ತೇ?”

“ಗಂಜಿ ಬಟ್ಟಲು ಮೇಲಕ್ಕೆ ತಗೊಂಡು ಹೋದವರು ಯಾರು?”

“ಇನ್ಯಾರು, ಮರ್ಸಿ!” ನಾಲ್ಕೈದು ಜನ ಒಟ್ಟಿಗೆ ಹೇಳಿದರು.

“ಅಲ್ಲ. ಅಣ್ಣನ ಮಗ. ಅವನೇ ಹೇಳಿದ.”

“ಯಾವಾಗ ಹೇಳಿದ?”

“ಮೀಸೆ ಬಿತ್ತಲ್ಲ, ಆಗ.”

ಮೀಸೆ ಎಂದ ಕೂಡಲೇ ಎಲ್ಲರಿಗೂ ಮತ್ತೆ ನಗು ಉಕ್ಕಿತು. ಡೆಕ್ಲನ್ ಮತ್ತೊಮ್ಮೆ ಬಿದ್ದು ತೋರಿಸಿದ. ಒಬ್ಬ ಹುಡುಗಿಯ ಪ್ರಾಣ ಎಲ್ಲೆಲ್ಲಿ ಹೋಗಿ ಸಿಕ್ಕಿಕೊಂಡಿರುತ್ತದೆ ನೋಡಿ.

“ಹಂಗಾದ್ರೆ ಕೊಂದಿದ್ದು ಅವನು ಅಂತೀಯಾ?” ಇಮೊಜೆನ್ ಸೊಂಟದ ಮೇಲೆ ಕೈಯಿಟ್ಟಳು.

“ಹಂಗೂ ಅನ್ನಲ್ಲ. ಗೊತ್ತಿಲ್ಲ ಅಂತಿದ್ದೀನಿ.”

“ಗೊತ್ತಿಲ್ಲ ಅಂದ್ರೆ ಅಪರಾಧಿ ಅನ್ನು, ಊಟ ಮಾಡೋಣ!” ಎಂದ ಡೆಕ್ಲನ್.

“ಗೊತ್ತಿಲ್ದೆ ಹೆಂಗೋ ನೇಣಿಗೆ ಹಾಕ್ತೀಯ?”

“ನಿಜವಾಗ್ಲೂ ಹಾಕ್ತೀವೇನೇ? ಇದು ನಾಟಕ ಕಣೇ ಮಾರಾಯ್ತಿ! ನಿಮ್ಮಮ್ಮ ಆಮೇಲೆ ಮನೆಗೆ ಬಂದು ಅಡುಗೆ ಮಾಡ್ತಾರೆ!”

ಅದೂ ಸರಿಯೇ. ಇವತ್ತು ರಾತ್ರಿ ಮನೆಯಲ್ಲಿ ಮೀನಿನ ಅಡುಗೆ ಎಂಬುದೂ ಟಿಲ್ಡಾಗೆ ಗೊತ್ತಿತ್ತು. ಆದರೂ ಕೈ ಮೇಲೆ ಹೋಗಲು ಒಪ್ಪಲಿಲ್ಲ.

“ಮರ್ಸಿ ಹೇಳೋಕೆ ಹೋದ್ಲು,” ಎಂದಳು. “ಪಾಷಾಣ ತರೋಕೆ ಹೇಳಿದ್ದು ಯಾರು ಅಂತ. ಬಿಡ್ಲಿಲ್ಲ.”

ಡೆಕ್ಲನ್‌ನ ಹೊಟ್ಟೆ ಸ್ಪಷ್ಟವಾಗಿ ಗುರ್ ಎಂದಿತು. ಅವನು ಆಳವಾಗಿ ಯೋಚಿಸಿದ.

“ಟಿಲ್ಡಾ, ನೀನು ನಮ್ಮ ಕಡೆ ಬರೋದಿಲ್ಲ?”

“ಇಲ್ಲ.”

“ಸಂಜೆವರೆಗೂ?”

“ಇಲ್ಲ.”

“ನಾವು ನಿನ್ನ ಕಡೆ ಬಂದ್ರೆ ಈಗ್ಲೇ ಊಟಾನಾ?”

“ಹೂಂ.”

“ಹಂಗಾದ್ರೆ ಮರ್ಸಿ ಪಾಪದವಳು,” ಎಂದ ಡೆಕ್ಲನ್. “ನಂಗೆ ಮೊದ್ಲಿಂದಾನೂ ಅನ್ನಿಸ್ತಿತ್ತು.”

ಆಮೇಲೆ ತಡವಾಗಲಿಲ್ಲ. ಚಿಪ್ಸ್ ತಂದವರು ಒಬ್ಬೊಬ್ಬರಾಗಿ ಮರ್ಸಿಯನ್ನು ಕ್ಷಮಿಸಿದರು. ಚಾಕೊಲೇಟ್ ಕೇಕ್ ತಂದವಳು ಕ್ಷಮಿಸಿದಳು. ಕೊನೆಗೆ ಉಳಿದದ್ದು ಇಮೊಜೆನ್.

“ನಂಗೇನು ಹಸಿವಿಲ್ಲ,” ಎಂದು ಅವಳು ಬಾಗಿಲು ಬಡಿದಳು. “ಸಾರ್! ಅಣ್ಣನ ಮಗ ಹೇಳಿದ್ದನ್ನ ಇನ್ನೊಂದು ಸಲ ಹೇಳಿ!”

ಚಿಲಕ ತೆಗೆದು ಪಿಲ್ಲಿಂಗ್ ತಲೆ ಹಾಕಿದರು. ಕೈಯಲ್ಲಿ ಆಗಲೇ ಕಪ್ಪು ಬಟ್ಟೆ ಹಿಡಿದಿದ್ದರು. ಮರಣದಂಡನೆ ಹೇಳುವಾಗ ಜಡ್ಜ್ ವಿಗ್ಗಿನ ಮೇಲೆ ಇಟ್ಟುಕೊಳ್ಳುವ ಬಟ್ಟೆ ಅದು. “ಯಾವ ಮಾತು?”

“ಬಟ್ಟಲು ಯಾರು ತಗೊಂಡು ಹೋದ್ರು ಅನ್ನೋದು.”

ಅವರು ನಾಟಕದ ಹಾಳೆ ತೆಗೆದು ಹುಡುಕಿದರು. ಸಿಕ್ಕಿತು. ಒಮ್ಮೆ ಓದಿದರು. ತುಟಿಯಾಡಿಸುತ್ತ ಇನ್ನೊಮ್ಮೆ ಓದಿಕೊಂಡರು. “ಹೌದಲ್ಲ… ಇದು ಆ ಕಾಲದ ಪೇಪರಿನಲ್ಲಿ ಹೀಗೇ ಇತ್ತು. ನಾನು ಹಾಗೇ ಇಳಿಸಿಕೊಂಡೆ.” ತಾನು ಬರೆದದ್ದನ್ನು ಮೊದಲ ಸಲ ಓದಿದ ಮುಖ ಮಾಡಿಕೊಂಡು ನಿಂತರು.

ಇಮೊಜೆನ್ ಟಿಲ್ಡಾಳ ಕಡೆ ನೋಡಿದಳು. “ಅವನೇ ತಗೊಂಡು ಹೋಗಿದ್ದು,” ಎಂದಳು. ಅಷ್ಟೇ ಹೇಳಿದಳು.

*

“ಅಪರಾಧಿ ಅಲ್ಲ,” ಎಂದು ಇಮೊಜೆನ್ ಹೇಳಿದಾಗ ಹಿಂದಿನ ಸಾಲುಗಳಿಂದ ನೋವಿನ ಕೂಗು ಎದ್ದಿತು. “ಥೂ! ಮೋಸ! ನೇಣು ಎಲ್ಲಿ?” ನ್ಯಾಯ ಗೆದ್ದಾಗ ಜನರಿಗೆ ಇಷ್ಟು ಬೇಜಾರಾದದ್ದು ಅಪರೂಪ.

ಅಮ್ಮ ಆಗಲೇ ಒಂದು ಹೆಜ್ಜೆ ಮುಂದೆ ಬಂದು, ಎದೆ ತುಂಬ ಉಸಿರು ಎಳೆದುಕೊಂಡಿದ್ದಳು. ಆ ಒಂದಿಡೀ ಪುಟ ನಾಲಿಗೆಯ ತುದಿಗೆ ಬಂದಿರಬೇಕು. ಬಾಯಿ ತೆರೆದೇ ಇತ್ತು. ಮೆಲ್ಲಗೆ ಮುಚ್ಚಿಕೊಂಡಿತು.

ಪಿಲ್ಲಿಂಗ್ ಕಪ್ಪು ಬಟ್ಟೆಯಲ್ಲಿ ಮೂಗು ಒರೆಸಿಕೊಂಡು ಅದನ್ನು ಜೇಬಿಗೆ ಸೇರಿಸಿದರು. “ಹಾಗಾದರೆ… ಮರ್ಸಿ ಗಾರ್ಟನ್, ನೀನು ಹೋಗಬಹುದು.”

ಎಲ್ಲಿಗೆ ಹೋಗುವುದು? ಕಟಕಟೆಯಿಂದ ಕೆಳಗಿನ ಜೈಲಿಗೆ ಮೆಟ್ಟಿಲಿತ್ತು. ಹೊರಗೆ ಹೋಗುವ ದಾರಿ ಯಾವುದು ಎಂದು ಯಾರೂ ನೋಡಿಟ್ಟಿರಲಿಲ್ಲ. ಅಮ್ಮ ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಕೊನೆಗೆ ಲಂಗ ಎತ್ತಿ ಹಿಡಿದು, ಕೀತ್ ಅಂಕಲ್ ಕೈ ಹಿಡಿದುಕೊಂಡು, ಕಟಕಟೆಯ ಮೇಲಿಂದ ಕಾಲು ದಾಟಿಸಿ ಈಚೆ ಇಳಿದಳು. ಒಳಗೆ ಹಾಕಿಕೊಂಡಿದ್ದ ಓಟದ ಬೂಟು ಎಲ್ಲರಿಗೂ ಕಾಣಿಸಿತು. ಅದಕ್ಕೆ ಮಾತ್ರ ಮಕ್ಕಳು ಚಪ್ಪಾಳೆ ತಟ್ಟಿದರು.

ಮ್ಯೂಸಿಯಮ್ಮಿನ ಹೊರಗಿನ ಮೆಟ್ಟಿಲ ಮೇಲೆ ಎಲ್ಲರೂ ಡಬ್ಬಿ ಬಿಚ್ಚಿ ಕೂತರು. ಅಮ್ಮನೂ ಟೋಪಿಯ ದಾರ ಸಡಿಲ ಮಾಡಿಕೊಂಡು ಟಿಲ್ಡಾಳ ಪಕ್ಕ ಬಂದು ಕೂತಳು. ಬಂದವಳೇ ಶುರು ಮಾಡಿದಳು.

“ಸೋಮವಾರದಿಂದ ಬಂದ ಶಾಲೆಗಳೆಲ್ಲ ಎಷ್ಟು ಒಳ್ಳೆಯವು ಗೊತ್ತಾ? ಬಂದ್ರು, ನೇಣಿಗೆ ಹಾಕಿದ್ರು, ಹೋದ್ರು. ಇವತ್ತು ನನ್ನ ಹೊಟ್ಟೇಲಿ ಹುಟ್ಟಿದ ಮಗಳು ಬಂದ್ಲು ನೋಡಿ, ನನ್ನ ಬಾಯೇ ಮುಚ್ಚಿಸಿಬಿಟ್ಲು. ಗಂಟಲಿಗೆ ಅಂತ ಬೆಳಿಗ್ಗೆ ಜೇನುತುಪ್ಪ ಬೇರೆ ನೆಕ್ಕಿದ್ದೆ.”

“ಆಂಟಿ, ಈಗ ಹೇಳಿ ಅದನ್ನ,” ಎಂದಳು ಇಮೊಜೆನ್. “ಚೆನ್ನಾಗಿದೆ ಅಂತ ಟಿಲ್ಡಾ ಹೇಳ್ತಾನೇ ಇದ್ಲು.”

“ಹೇಳಿ ಆಂಟಿ!” ಡೆಕ್ಲನ್ ಬಾಯಿತುಂಬ ಚೀಸ್ ಇಟ್ಟುಕೊಂಡು ಕೂಗಿದ. ಉಳಿದವರೂ ಸೇರಿಕೊಂಡರು. ಆಗ್ಡನ್ ಸರ್ ಕೂಡ ತಮ್ಮ ಸೇಬನ್ನು ಕೆಳಗಿಟ್ಟು ತಿರುಗಿ ಕೂತರು.

ಇಡೀ ಕ್ಲಾಸು ಕಾಯುತ್ತಿತ್ತು. ಅಮ್ಮ ಎದ್ದು ನಿಂತಳು. ಅವಳಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ.

“ಅಮ್ಮಾ,” ಎಂದಳು ಟಿಲ್ಡಾ. “ನಿಜವಾದ ಮರ್ಸಿಗೆ ಏನಾಯ್ತು?”

ಅಮ್ಮ ಅವಳನ್ನು ನೋಡಿದಳು. ಏನೋ ತಮಾಷೆ ಹೇಳಲು ಹೊರಟಂತೆ ತುಟಿ ಅಲುಗಿತು. ಹೇಳಲಿಲ್ಲ.

“ಅವಳಿಗೆ ಮಾತಾಡೋಕೆ ಬಿಟ್ರು,” ಎಂದಳು.

ಕೈದಿಗೆ ಮಾತಾಡಲು ಬಿಡುವುದು ಯಾವಾಗ ಎಂದು ಎಲ್ಲರಿಗೂ ನೆನಪಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಇಮೊಜೆನ್ ತನ್ನ ಡಬ್ಬಿಯ ಮುಚ್ಚಳ ಹಾಕಿದಳು.

“ಹೇಳಬೇಡಮ್ಮ,” ಎಂದಳು ಟಿಲ್ಡಾ.

ಅಮ್ಮ ಮತ್ತೆ ಕೂತಳು. ಟಿಲ್ಡಾಳ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ಅರ್ಧ ಮುರಿದು ತಾನೂ ತಿಂದಳು. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಕಾಲ್ಡನ್ ಊರಿನ ಇತಿಹಾಸದಲ್ಲಿ ಬರೆದಿಡಬೇಕಾದ ಸಂಗತಿ ಅದು. ಆದರೆ ಮ್ಯೂಸಿಯಮ್ಮಿನವರು ಯಾರೂ ಹತ್ತಿರ ಇರಲಿಲ್ಲ.

ಒಳಗೆ ಗಂಟೆ ಬಾರಿಸಿತು. “ಮಧ್ಯಾಹ್ನ ಇನ್ನೊಂದು ಶಾಲೆ ಇದೆ,” ಎಂದು ಅಮ್ಮ ಟೋಪಿಯ ದಾರ ಬಿಗಿದುಕೊಂಡು, ಲಂಗದ ಮೇಲಿನ ಬ್ರೆಡ್ಡಿನ ಚೂರು ಕೊಡವಿದಳು. ಜೈಲಿನ ಕಡೆಯ ಬಾಗಿಲಲ್ಲಿ ಒಳಗೆ ಹೋದಳು.

ಇವರು ಬಸ್ಸು ಹತ್ತುವಾಗ ಇನ್ನೊಂದು ಬಸ್ಸು ಬಂದು ನಿಂತಿತು. ಹಸಿರು ಸ್ವೆಟರಿನ ಮಕ್ಕಳು ದಬದಬನೆ ಇಳಿದು ಸಾಲಾಗಿ ನಿಂತರು. ಒಬ್ಬ ಹುಡುಗ ತನ್ನ ಟೈಯನ್ನು ಮೇಲಕ್ಕೆ ಎಳೆದು, ನಾಲಿಗೆ ಹೊರಗೆ ಹಾಕಿ, ಕಣ್ಣು ಮೇಲೆ ಮಾಡಿ, ನೇಣು ಬಿದ್ದವರು ಹೇಗಿರುತ್ತಾರೆ ಎಂದು ಗೆಳೆಯರಿಗೆ ತೋರಿಸುತ್ತಿದ್ದ. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

ಟಿಲ್ಡಾ ಕಿಟಕಿಗೆ ಮುಖ ಒತ್ತಿದಳು. ಗಾಜನ್ನು ಬಡಿದಳು. “ಏಯ್! ಗಂಜಿ ಯಾರು ಮೇಲಕ್ಕೆ ತಗೊಂಡು ಹೋದ್ರು ಅಂತ ಕೇಳು!”

ಹುಡುಗ ತಿರುಗಿದ. ಬಸ್ಸಿನ ಕಿಟಕಿ ತೆರೆಯುವಂಥದ್ದಲ್ಲ. ಅವನಿಗೆ ಏನೂ ಕೇಳಿಸಲಿಲ್ಲ. ಕಿವಿಯ ಹತ್ತಿರ ಕೈಯಿಟ್ಟು ‘ಏನು?’ ಎಂದು ಸನ್ನೆ ಮಾಡಿದ.

“ಟಿಲ್ಡಾ, ಕೂತ್ಕೊಮ್ಮ, ಬಸ್ಸು ಹೊರಡ್ತಿದೆ,” ಎಂದರು ಆಗ್ಡನ್ ಸರ್.

ಅವಳು ಸೀಟಿನ ಮೇಲೆ ಮೊಣಕಾಲೂರಿ ನಿಂತಳು. ಎರಡೂ ಕೈಯಲ್ಲಿ ಒಂದು ಬಟ್ಟಲು ಹಿಡಿದಂತೆ ಮಾಡಿದಳು. ಚೆಲ್ಲದ ಹಾಗೆ ಮೆಲ್ಲಗೆ ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಆಮೇಲೆ ತನ್ನ ಮೂಗಿನ ಕೆಳಗೆ ಒಂದು ಬೆರಳು ಅಡ್ಡ ಇಟ್ಟು, ದಪ್ಪ ಮೀಸೆ ತೋರಿಸಿದಳು.

ಹುಡುಗ ನಕ್ಕು, ಅವಳಿಗೆ ನಾಲಿಗೆ ಚಾಚಿದ.

ಟಿಲ್ಡಾ ಮತ್ತೆ ಬಟ್ಟಲು ಹಿಡಿದಳು. ಮತ್ತೆ ಮೊದಲ ಮೆಟ್ಟಿಲಿನಿಂದ ಶುರು ಮಾಡಿದಳು.